‘ಸಿಸಿಟಿವಿ ಇದೆ’ ಎಂದರೆ ಸಾಲದು: ವಿಕಲಚೇತನರ ವಸತಿ ಕೇಂದ್ರದಲ್ಲಿ ಯಾವ ಕ್ಯಾಮೆರಾ, ಯಾರ ಕೈಯಲ್ಲಿ?

ಕೊಡಗಿನಲ್ಲಿ ಮನೆಯ ವಿಕಲಚೇತನ ಮಗಳನ್ನೋ ತಮ್ಮನನ್ನೋ ವಸತಿ ಕೇಂದ್ರಕ್ಕೆ ಸೇರಿಸಲು ಹೊರಟವರು ಈಗ ಊಟ, ಹಾಸಿಗೆ, ಫೀಸಿನ ವಿಚಾರಕ್ಕೂ ಮೊದಲು ಕೇಳುವುದು “ಸಿಸಿಟಿವಿ ಇದೆಯಾ?” ಎಂದು. ಕೇಳಲೇಬೇಕಾದ ಮಾತು ಅದು. ತೋಟದ ಕೆಲಸ ಬಿಟ್ಟು ವಾರ ವಾರ ಹೋಗಿ ನೋಡಿಬರಲು ಆಗದವರಿದ್ದಾರೆ. ಮಕ್ಕಳು ಬೆಂಗಳೂರು, ದುಬೈ ಅಂತ ಹೊರಟುಹೋಗಿ, ಊರಲ್ಲಿ ವಯಸ್ಸಾದ ತಂದೆತಾಯಿ ಮಾತ್ರ ಉಳಿದ ಮನೆಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದ ಕಡೆಯಿಂದ ಮಡಿಕೇರಿಗೆ ಬರುವುದೇ ದೊಡ್ಡ ಕೆಲಸ. ಇಂಥವರಿಗೆ ಕ್ಯಾಮೆರಾ ಧೈರ್ಯ ಕೊಡುತ್ತದೆ. ಆದರೆ “ಇದೆ” ಎಂಬ ಒಂದೇ ಉತ್ತರಕ್ಕೆ ಸಮಾಧಾನಪಟ್ಟು ಮಗುವನ್ನು ಬಿಟ್ಟು ಬರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕ್ಯಾಮೆರಾ ಅನ್ನುವುದು ಒಂದೇ ವಸ್ತುವಲ್ಲ. ಅದನ್ನು ಎಲ್ಲಿಟ್ಟಿದ್ದಾರೆ, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ, ಒಳಗಿರುವವರು ಅದಕ್ಕೆ ಒಪ್ಪಿದ್ದಾರಾ ಎಂಬುದರ ಮೇಲೆ ಅದು ಕಾವಲೂ ಆಗಬಹುದು, ಇನ್ನೊಂದು ಹಿಂಸೆಯೂ ಆಗಬಹುದು.

ಹೋಲಿಸುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ದೌರ್ಜನ್ಯ ಹೆಚ್ಚಾಗಿ ಬಾಗಿಲ ಹಿಂದೆ ನಡೆಯುವಂಥದ್ದು. ಸ್ನಾನದ ಹೊತ್ತು, ಡೈಪರ್ ಬದಲಿಸುವ ಹೊತ್ತು, ರಾತ್ರಿ ಒಬ್ಬರೇ ಆಯಾ ಇರುವ ಹೊತ್ತು. ಅಲ್ಲಿಗೆ ಕ್ಯಾಮೆರಾ ಹೋಗುವಂತಿಲ್ಲ, ಹೋಗಲೂಬಾರದು. ಇನ್ನು ಹೊಡೆತ ಮಾತ್ರವೇ ದೌರ್ಜನ್ಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್, ತನ್ನ ವಶದಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಊಟ, ನೀರು ಕೊಡದಿರುವುದನ್ನೂ ಅಪರಾಧ ಎನ್ನುತ್ತದೆ. ಶಿಕ್ಷೆ 6 ತಿಂಗಳಿಂದ 5 ವರ್ಷ ಜೈಲು ಮತ್ತು ದಂಡ. ಗಲಾಟೆ ಮಾಡದಿರಲಿ ಎಂದು ನಿದ್ರೆ ಮಾತ್ರೆ ಜಾಸ್ತಿ ಕೊಟ್ಟರೆ ಕ್ಯಾಮೆರಾದಲ್ಲಿ ಕಾಣುವುದು ಶಾಂತವಾಗಿ ಮಲಗಿದ ಮಗು ಅಷ್ಟೇ.

ಕೇಂದ್ರದವರೇ ಹಾಕಿದ ಸಿಸಿಟಿವಿ: ಕಾರಿಡಾರ್, ಊಟದ ಹಾಲ್, ಗೇಟು

ಸಾಮಾನ್ಯವಾಗಿ ಕಾಣುವುದು ಇದು. ನನ್ನ ಮಟ್ಟಿಗೆ ಇದು ಇರಲೇಬೇಕು. ರಾತ್ರಿ ಯಾರ ಕೋಣೆಗೆ ಯಾರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತು ಇದ್ದರು ಎಂಬುದು ಕಾರಿಡಾರ್ ಕ್ಯಾಮೆರಾದಲ್ಲೇ ಗೊತ್ತಾಗುತ್ತದೆ. ಊಟದ ಹಾಲಿನಲ್ಲಿ ತುತ್ತು ತುರುಕುವುದು, ತಟ್ಟೆ ಎಳೆದುಕೊಳ್ಳುವುದು ಕಾಣುತ್ತದೆ. ತಪ್ಪು ಮಾಡದ ಆಯಾಳ ಮೇಲೆ ಸುಮ್ಮನೆ ದೂರು ಬಂದರೆ ಅವಳನ್ನು ಕಾಪಾಡುವುದೂ ಇದೇ ದೃಶ್ಯ.

ಆದರೆ ಲೆಕ್ಕ ಕೇಳಿ. ಎರಡು ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಎಡೆಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ ಬೇಕು. ಎಂಟು ಕ್ಯಾಮೆರಾಗೆ ದಿನಕ್ಕೆ 170 ಜಿಬಿ ದಾಟುತ್ತದೆ. ದೃಶ್ಯ ದಾಖಲಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನಲ್ಲಿ 1 ಟಿಬಿ (1,000 ಜಿಬಿ) ಹಾರ್ಡ್ ಡಿಸ್ಕ್ ಇದ್ದರೆ ಆರು ದಿನದೊಳಗೆ ತುಂಬಿ, ಹಳೆಯದನ್ನು ಅಳಿಸಿ ಹೊಸದು ಕೂರುತ್ತದೆ. ಮನೆಯವರು ಹೋಗುವುದು ತಿಂಗಳಿಗೊಮ್ಮೆ. ಮೈಮೇಲಿನ ಗಾಯ ಕಣ್ಣಿಗೆ ಬೀಳುವಷ್ಟರಲ್ಲಿ ಆ ದಿನದ ದೃಶ್ಯ ಇರುವುದೇ ಇಲ್ಲ. 30 ದಿನ ಉಳಿಯಬೇಕಾದರೆ 6 ಟಿಬಿ ಬೇಕು, ಇಲ್ಲವೇ ಕಡಿಮೆ ಜಾಗ ತಿನ್ನುವ ಹೊಸ ಬಗೆಯ ರೆಕಾರ್ಡಿಂಗ್ ಬೇಕು. ಪೊಲೀಸ್ ಠಾಣೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ 18 ತಿಂಗಳು ದೃಶ್ಯ ಉಳಿಸಬೇಕೆಂದು ಹೇಳಿತು. ಬಾಯಿ ಬಿಟ್ಟು ಹೇಳಲಾಗದವರು ಇರುವ ಜಾಗಕ್ಕೆ ಒಂದು ತಿಂಗಳು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಜಾಗ ಉಳಿಸಲು ಕೆಲವರು ಅಲುಗಾಟ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಇಡುತ್ತಾರೆ. ಅಂಗಡಿಗೆ ಅದು ಸಾಕು. ಹಾಸಿಗೆಯಿಂದ ಏಳಲಾಗದವರು ಇರುವ ಕಡೆ ನಮಗೆ ಗೊತ್ತಾಗಬೇಕಾದದ್ದು ಯಾರೂ ಬಾರದ ಗಂಟೆಗಳು. ಅಲುಗಾಟವಿಲ್ಲದ ಆ ಹೊತ್ತೇ ರೆಕಾರ್ಡ್‌ನಲ್ಲಿ ಇರುವುದಿಲ್ಲ. ಯಾರೂ ಬರಲಿಲ್ಲವೋ ಕ್ಯಾಮೆರಾ ಕೆಟ್ಟಿತ್ತೋ ಎಂದು ಆಮೇಲೆ ಯಾರೂ ಹೇಳಲಾರರು.

ನಮ್ಮ ಮಳೆಗಾಲವನ್ನು ಮರೆಯುವಂತಿಲ್ಲ. ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟಿಲ್ಲದ ಊರುಗಳು ಇಲ್ಲಿ ಬೇಕಾದಷ್ಟಿವೆ. ಎಂಟು ಕ್ಯಾಮೆರಾ, ಡಿವಿಆರ್, ರೌಟರ್ ಸೇರಿ 75 ವ್ಯಾಟ್ ಆಸುಪಾಸು ಎಳೆಯುತ್ತವೆ. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಅದಕ್ಕಾಗಿಯೇ ಇದ್ದರೆ ಹೆಚ್ಚೂಕಡಿಮೆ 15 ಗಂಟೆ ಬಂದೀತು. ಅದೇ ಇನ್ವರ್ಟರ್‌ಗೆ ಫ್ಯಾನು, ಲೈಟು, ಮಿಕ್ಸಿ ಎಲ್ಲ ಕೊಟ್ಟಿದ್ದರೆ ಸಂಜೆಯೊಳಗೆ ಮುಗಿಯಿತು. ಗುಮ್ಮಟದ ಆಕಾರದ ಕ್ಯಾಮೆರಾದೊಳಗೆ ಜುಲೈನಲ್ಲಿ ತೇವ ಹಿಡಿದು ಮಂಜು ಕಟ್ಟುತ್ತದೆ. ರಾತ್ರಿ ಬೆಳಕಿಗೆ ಹುಳು ಬಂದು, ಹುಳುವಿಗೆ ಜೇಡ ಬಂದು, ಗಾಜಿನ ಮುಂದೆ ಬಲೆ ಕಟ್ಟುತ್ತದೆ.

ನಾನು ನೋಡಿದ ಒಂದು ಕೇಂದ್ರದ ಕಚೇರಿಯಲ್ಲಿ ಮಾನಿಟರ್ ಹೆಮ್ಮೆಯಿಂದ ತೋರಿಸಿದರು. ಒಂಬತ್ತು ಚೌಕ. ಎರಡು ಕಪ್ಪು. ಒಂದರ ತುಂಬ ಜೇಡರ ಬಲೆ, ಅದರ ಹಿಂದೆ ಮಸುಕಾಗಿ ಯಾರೋ ನೆಲ ಒರೆಸುತ್ತಿದ್ದರು. ಎಲ್ಲ ಚೌಕಗಳ ಮೂಲೆಯಲ್ಲೂ ದಿನಾಂಕ 01-01-2000. ಡಿವಿಆರ್ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹೀಗೆ ಹಿಂದಕ್ಕೆ ಓಡುತ್ತದೆ. “ಕಳೆದ ಮಂಗಳವಾರ ಮಧ್ಯಾಹ್ನದ ಊಟದ ಹೊತ್ತಿನದು ತೋರಿಸಿ” ಎಂದೆ. “ಅದಕ್ಕೆ ಟೆಕ್ನಿಷಿಯನ್ ಬರಬೇಕು ಅಕ್ಕ” ಎಂದರು ವಾರ್ಡನ್. ಕೇಂದ್ರ ನೋಡಲು ಹೋದವರು ಈ ಒಂದು ಪರೀಕ್ಷೆ ಮಾಡಿ: ಹಳೆಯ ಒಂದು ದಿನ, ಒಂದು ಹೊತ್ತು ಹೇಳಿ, ತೆಗೆದು ತೋರಿಸಲು ಕೇಳಿ. ಬೇರೆ ಮಕ್ಕಳ ಮುಖ ನಿಮಗೆ ತೋರಿಸಲಾಗದು ಎಂದರೆ ಒಪ್ಪಬೇಕಾದ ಮಾತೇ. ಗೇಟಿನ ಕ್ಯಾಮೆರಾದ್ದು ತೋರಿಸಲಿ.

ಇದೆಲ್ಲ ಸರಿಯಿದ್ದರೂ ಉಳಿಯುವ ಪ್ರಶ್ನೆ ದೊಡ್ಡದು: ನೋಡುವವರು ಯಾರು? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಡ್ಜ್ ರೋಟೆನ್‌ಬರ್ಗ್ ಸೆಂಟರ್ ಎಂಬ, ವಿಕಲಚೇತನರ ವರ್ತನೆ ತಿದ್ದಲೆಂದು ವಿದ್ಯುತ್ ಶಾಕ್ ಬಳಸುತ್ತಿದ್ದ ಸಂಸ್ಥೆಯ ವಸತಿಗೃಹಗಳಲ್ಲಿ ಕ್ಯಾಮೆರಾ ಇತ್ತು. 2007ರ ಆಗಸ್ಟ್‌ನ ಒಂದು ರಾತ್ರಿ ಯಾರೋ ಮೇಲಧಿಕಾರಿ ಎಂದು ಸುಳ್ಳು ಹೇಳಿ ಫೋನ್ ಮಾಡಿದರು. ಸಿಬ್ಬಂದಿ ಅದನ್ನು ನಂಬಿ ಒಬ್ಬ ನಿವಾಸಿಗೆ 77 ಸಲ, ಇನ್ನೊಬ್ಬನಿಗೆ 29 ಸಲ ವಿದ್ಯುತ್ ಶಾಕ್ ಕೊಟ್ಟರು. ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತು, ಯಾರನ್ನೂ ತಡೆಯಲಿಲ್ಲ. ಆ ದೃಶ್ಯವೂ ಉಳಿಯಲಿಲ್ಲ, ಸಂಸ್ಥೆಯಲ್ಲೇ ನಾಶವಾಯಿತು. ಆ ಸಂಬಂಧ ಸಂಸ್ಥಾಪಕ ಮ್ಯಾಥ್ಯೂ ಇಸ್ರೇಲ್ 2011ರಲ್ಲಿ ಆರೋಪ ಎದುರಿಸಿ ಹುದ್ದೆ ಬಿಡಬೇಕಾಯಿತು. ಹಾಗಾಗಿ ಕೇಂದ್ರದ ಸಿಸಿಟಿವಿಯನ್ನು ಒಪ್ಪುವಾಗ ನಾನು ಸೇರಿಸುವ ಷರತ್ತು ಒಂದು: ತಿಂಗಳಿಗೊಮ್ಮೆ, ಚೀಟಿ ಎತ್ತಿದಂತೆ ಯಾವುದೋ ಕೆಲವು ಗಂಟೆಗಳ ದೃಶ್ಯವನ್ನು ಸಂಬಳ ಕೇಂದ್ರದಿಂದ ಪಡೆಯದವರು ನೋಡಬೇಕು. ಪೋಷಕರಿಬ್ಬರು, ಹೊರಗಿನ ಒಬ್ಬ ಡಾಕ್ಟರೋ ನಿವೃತ್ತ ಟೀಚರೋ, ಸಾಧ್ಯವಾದರೆ ವಿಕಲಚೇತನರೇ ಆದ ಒಬ್ಬರು.

ಮಲಗುವ ಕೋಣೆಯೊಳಗೆ ಕೇಂದ್ರದ ಕ್ಯಾಮೆರಾ

ಇದು ಬೇಡ. ಬಟ್ಟೆ ಬದಲಿಸುವ, ಮೈ ಒರೆಸುವ ಜಾಗದ ದೃಶ್ಯ ಕಚೇರಿಯ ಮಾನಿಟರಿನಲ್ಲಿ ಹೋಗಿಬರುವವರ ಕಣ್ಣಿಗೆಲ್ಲ ಬೀಳುವುದು ಸ್ವತಃ ದೌರ್ಜನ್ಯ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ. ಆ ಹಕ್ಕು ಗಾಲಿಕುರ್ಚಿಯಲ್ಲಿ ಕೂತವರಿಗೆ ಒಂದು ತೂಕ ಕಡಿಮೆ ಇಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಸಿಸಿಟಿವಿ ದೃಶ್ಯ ಕದ್ದು ಟೆಲಿಗ್ರಾಂನಲ್ಲಿ ಮಾರಿದ್ದು ಬಯಲಾಯಿತು. ಕ್ಯಾಮೆರಾ ಹಾಕಿದವನು ಇಟ್ಟುಹೋದ ‘ಅಡ್ಮಿನ್’, ‘12345’ ಪಾಸ್‌ವರ್ಡನ್ನೇ ಬಳಸುವ ಕಡೆ ಕೋಣೆಯೊಳಗಿನ ಕ್ಯಾಮೆರಾ ಎಂದರೆ ಬೀದಿಗೆ ತೆರೆದ ಕಿಟಕಿ.

ಮನೆಯವರು ಇಡುವ, ಎಲ್ಲರಿಗೂ ಗೊತ್ತಿರುವ ಕ್ಯಾಮೆರಾ

ಮಾತಿಲ್ಲದವರಿಗೆ, ಹಾಸಿಗೆ ಹಿಡಿದವರಿಗೆ ನಾನು ಗಂಭೀರವಾಗಿ ಪರಿಗಣಿಸುವ ದಾರಿ ಇದು. ದೃಶ್ಯದ ಒಡೆತನ ಕೇಂದ್ರದ ಹೊರಗೆ ಇರುತ್ತದೆ ಎಂಬುದೇ ಇದರ ಬಲ. ಟೆಕ್ಸಾಸ್ ರಾಜ್ಯ 2001ರಲ್ಲೇ ನರ್ಸಿಂಗ್ ಹೋಮ್‌ಗಳಿಗೆ ಇಂಥ ಕಾನೂನು ಮಾಡಿತು. ನಿವಾಸಿ ಅಥವಾ ಅವರ ಗಾರ್ಡಿಯನ್ ಕೇಳಿದರೆ ಸಂಸ್ಥೆ ತಡೆಯುವಂತಿಲ್ಲ. ಖರ್ಚು ಕೇಳಿದವರದು. ಅದೇ ಕೋಣೆಯ ಇನ್ನೊಬ್ಬರು ಬರವಣಿಗೆಯಲ್ಲಿ ಒಪ್ಪಬೇಕು, ಬಾಗಿಲಲ್ಲಿ ಬೋರ್ಡ್ ಇರಬೇಕು. ನಮ್ಮಲ್ಲಿ ಹೀಗೆ ಕೇಂದ್ರದ ಜೊತೆ ಒಪ್ಪಂದ ಬರೆದುಕೊಳ್ಳುವಾಗ ಇದೇ ಅಂಶಗಳನ್ನು ಹಾಕಬಹುದು.

ಒಪ್ಪಿಗೆ ಯಾರದು ಎಂಬಲ್ಲಿ ಹಲವು ಮನೆಗಳು ಎಡವುತ್ತವೆ. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಕಣ್ಣಲ್ಲಿ ಗಾರ್ಡಿಯನ್ ಆಗಿ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ನಮ್ಮವರು ಮಡಿಕೇರಿಗೆ ಅರ್ಜಿ ಕೊಡಬೇಕು. ಆ ಕಾಗದ ಇದ್ದರೂ, ಕ್ಯಾಮೆರಾ ಯಾರ ಮೇಲೆ ಬೀಳುತ್ತದೋ ಅವರನ್ನು ಕೇಳದೆ ಇಡಬೇಡಿ.

ನಮ್ಮ ದೊಡ್ಡಮ್ಮನ ಮಗಳಿಗೆ ಸೆರೆಬ್ರಲ್ ಪಾಲ್ಸಿ. ಮಾತಿಲ್ಲ. ಚಿತ್ರಗಳ ಹಲಗೆ ಮುಂದಿಟ್ಟರೆ ಕಣ್ಣಿನಿಂದ ತೋರಿಸುತ್ತಾಳೆ. ಅವಳ ಅಮ್ಮ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಮೊಬೈಲಿನಲ್ಲಿ ಅವಳದೇ ಮುಖ ತೋರಿಸಿ, “ಇದು ಇಲ್ಲಿದ್ದರೆ ನಾನು ಮನೆಯಿಂದ ನಿನ್ನನ್ನು ನೋಡಬಹುದು ಮಗಾ, ಇಡೋಣವಾ?” ಎಂದು ಕೇಳಿದರು. ರಾತ್ರಿಯ ಚಿತ್ರಕ್ಕೆ ಅವಳ ಕಣ್ಣು ‘ಹೂಂ’ ಕಡೆ ಹೋಯಿತು. ಸ್ನಾನದ ಬಕೆಟ್ಟಿನ ಚಿತ್ರಕ್ಕೆ ‘ಬೇಡ’ದ ಮೇಲೆ ನಿಂತು ಅಲ್ಲಾಡಲೇ ಇಲ್ಲ. ಹಾಗಾಗಿ ಮೈ ಒರೆಸುವ ಹೊತ್ತಿಗೆ ಕ್ಯಾಮೆರಾಗೆ ಬಟ್ಟೆಯ ಮುಚ್ಚಳ, ಕೆಲಸ ಮುಗಿದ ಕೂಡಲೇ ತೆಗೆಯಬೇಕು, ಮುಚ್ಚಿದ್ದು ತೆಗೆದದ್ದು ಎರಡೂ ಹೊತ್ತು ಪುಸ್ತಕದಲ್ಲಿ ಬರೆಯಬೇಕು ಎಂದು ತೀರ್ಮಾನವಾಯಿತು. ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ಮುಚ್ಚಿದ್ದರೆ ಅದೇ ಒಂದು ಸುಳಿವು.

ನೆಟ್‌ವರ್ಕಿನ ವಿಷಯ. ಸಿಮ್ ಹಾಕುವ 4ಜಿ ಕ್ಯಾಮೆರಾ ಒಳ್ಳೆಯದೆಂದು ಅಂಗಡಿಯಲ್ಲಿ ಹೇಳುತ್ತಾರೆ. ಒಂದು ಗಂಟೆ ಲೈವ್ ನೋಡಿದರೆ 900 ಎಂಬಿ ಖರ್ಚು, ದಿನಕ್ಕೆ 2 ಜಿಬಿಯ ಪ್ಯಾಕು ಎರಡು ಗಂಟೆ ಚಿಲ್ಲರೆಗೆ ಖಾಲಿ. ಕರೆಂಟು ಹೋಗಿ ಟವರ್ ನಿಂತರೆ ಅದೂ ಇಲ್ಲ. ಕೊಡಗಿಗೆ ಮೆಮೊರಿ ಕಾರ್ಡ್ ಇರುವ ಕ್ಯಾಮೆರಾವೇ ಸರಿ. 128 ಜಿಬಿ ಕಾರ್ಡಿನಲ್ಲಿ ಕಡಿಮೆ ಗುಣಮಟ್ಟದಲ್ಲಿ 11-12 ದಿನ ಹಿಡಿಯುತ್ತದೆ. ಹೋದಾಗಲೆಲ್ಲ ಕಾರ್ಡ್ ಬದಲಿಸಿ ತನ್ನಿ. ಭೇಟಿಗಳ ನಡುವೆ ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ಹಳೆಯದು ಅಳಿಯುತ್ತದೆ ಎಂಬುದು ನೆನಪಿರಲಿ. ನೆಟ್ ಇದ್ದಾಗ ಫೋಟೊ ಅಲರ್ಟ್ ಬರುವಂತಿದ್ದರೆ ಅಷ್ಟು ಲಾಭ.

ಬಚ್ಚಿಟ್ಟ ಕ್ಯಾಮೆರಾ

ಇದರ ಬಲ ದೊಡ್ಡದು ಎಂಬುದನ್ನು ಅಲ್ಲಗಳೆಯಲಾಗದು. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ವಿಕಲತೆ ಇರುವವರನ್ನು ಸಿಬ್ಬಂದಿ ಹೊಡೆದು, ಎಳೆದಾಡಿ, ತಣ್ಣೀರಲ್ಲಿ ನೆನೆಸಿ ಹಿಂಸಿಸುತ್ತಿದ್ದರು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಆಡಳಿತಕ್ಕೂ ಸರ್ಕಾರಿ ಮೇಲ್ವಿಚಾರಣಾ ಸಂಸ್ಥೆಗೂ ಹೇಳಿದರೂ ಏನೂ ಆಗಲಿಲ್ಲ. ಬಿಬಿಸಿಯ ವರದಿಗಾರರೊಬ್ಬರು ಅಲ್ಲಿ ಕೆಲಸಕ್ಕೆ ಸೇರಿ ಗುಟ್ಟಾಗಿ ಚಿತ್ರೀಕರಿಸಿದರು. 2011ರ ಮೇ 31ರಂದು ಅದು ಪ್ರಸಾರವಾದ ಮೇಲೆ ಆಸ್ಪತ್ರೆ ಮುಚ್ಚಿತು, 11 ಸಿಬ್ಬಂದಿಗೆ ಶಿಕ್ಷೆಯಾಯಿತು, ಅವರಲ್ಲಿ 6 ಮಂದಿ ಜೈಲಿಗೆ ಹೋದರು.

ಆದರೂ ಮನೆಯವರು ಮೊದಲ ಅನುಮಾನಕ್ಕೇ ಇದಕ್ಕೆ ಕೈಹಾಕಬಾರದು. ಅದೇ ಕೋಣೆಯ ಇನ್ನೊಬ್ಬರ ಖಾಸಗಿ ಅಂಗ ಚಿತ್ರೀಕರಣವಾದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ನಿಮ್ಮ ಮೇಲೆಯೇ ಬರಬಹುದು. ಅದಕ್ಕೆ 3 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ದಿನಗಟ್ಟಲೆ ದೃಶ್ಯ ಕೂಡಿಡುತ್ತಾ ಹೋದರೆ ಅಷ್ಟು ದಿನವೂ ನಿಮ್ಮವರು ಪೆಟ್ಟು ತಿನ್ನುತ್ತಿರುತ್ತಾರೆ. ದೂರು ಕೊಟ್ಟೂ ಯಾರೂ ಕಿವಿಗೊಡದಿದ್ದಾಗ, ವಕೀಲರನ್ನು ಕೇಳಿ, ಒಂದೆರಡು ದಿನದ ಮಟ್ಟಿಗೆ, ನಿಮ್ಮವರ ಹಾಸಿಗೆಯಷ್ಟೇ ಕಾಣುವಂತೆ ಇಡುವುದಾದರೆ ಅದು ಬೇರೆ ಮಾತು. ಏನು ಸಿಕ್ಕರೂ ವಾಟ್ಸಾಪ್‌ಗೆ ಹಾಕಬೇಡಿ. ಹರಿದಾಡಿದರೆ ನೋಯುವುದು ಒಳಗಿರುವ ನಿಮ್ಮವರೇ.

ಕ್ಯಾಮೆರಾ ಇಲ್ಲದ ಕಾವಲು

ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯಧಾಮದಲ್ಲಿ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ 2018ರಲ್ಲಿ ಬೆಳಕಿಗೆ ಬಂದದ್ದು ಕ್ಯಾಮೆರಾದಿಂದ ಅಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ರಾಜ್ಯದ ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆಗೆ ಹೋಗಿ ಒಳಗಿದ್ದವರ ಜೊತೆ ಮಾತನಾಡಿದ್ದರಿಂದ. 2020ರಲ್ಲಿ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು. ಹೊರಗಿನ ಮನುಷ್ಯ ಬಂದು, ಸಿಬ್ಬಂದಿ ಇಲ್ಲದ ಕಡೆ ಕೂತು ಕೇಳುವುದಕ್ಕೆ ಸಮನಾದ ಯಂತ್ರ ನನಗೆ ಗೊತ್ತಿಲ್ಲ.

ಹೇಳದೆ ಕೇಳದೆ ಹೋಗಿ. ಬೆಳಿಗ್ಗೆ ಸ್ನಾನದ ಹೊತ್ತಿಗೆ ಒಮ್ಮೆ, ರಾತ್ರಿ ಡ್ಯೂಟಿ ಬದಲಾಗುವಾಗ ಒಮ್ಮೆ. ದೂರದವರಿಗೆ ಆಗದಿದ್ದರೆ ಹತ್ತಿರದ ನೆಂಟರೊಬ್ಬರ ಹೆಸರನ್ನು ಸೇರಿಸುವಾಗಲೇ ಬರೆಸಿ. ಪೋಷಕರು ಸರದಿ ಹಾಕಿಕೊಂಡು ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿ ಬಂದರೆ ಇನ್ನೂ ಒಳ್ಳೆಯದು. ತೋಳಿನ ಒಳಮೈ ನೋಡಿ. ಬಿಗಿಯಾಗಿ ಹಿಡಿದೆಳೆದರೆ ಬೆರಳಿನ ಗುರುತು ಅಲ್ಲಿ ಸಾಲಾಗಿ ಬೀಳುತ್ತದೆ, ತುಂಬುತೋಳಿನ ಅಂಗಿ ಅದನ್ನು ಮುಚ್ಚುತ್ತದೆ. ಮಣಿಕಟ್ಟು, ಕಾಲಗಂಟಿನಲ್ಲಿ ಕಟ್ಟಿದ ಗುರುತು ಇದೆಯಾ ನೋಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಾನಸಿಕ ಅಸ್ವಸ್ಥರು ಓಡಲಾಗದೆ ಸತ್ತರು. ತಿಂಗಳ ತೂಕದ ಪುಸ್ತಕ, ಮಾತ್ರೆಯ ಸ್ಟ್ರಿಪ್ಪು, ಡಾಕ್ಟರ ಚೀಟಿ ಒಂದಕ್ಕೊಂದು ತಾಳೆಯಾಗುತ್ತವಾ ನೋಡಿ. ಕ್ಯಾಮೆರಾ ಹಿಡಿಯಲಾರದ್ದನ್ನು ತೂಕದ ಪುಸ್ತಕ ಹಿಡಿಯುತ್ತದೆ.

ಭಾಷೆ ನಮ್ಮ ಜಿಲ್ಲೆಯ ವಿಶೇಷ ತೊಡಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ ಭಾಷೆ ಅಥವಾ ಮಲಯಾಳ ಕೇಳಿ ಬೆಳೆದವರಿಗೆ ಹೊರಗಿನಿಂದ ಬಂದ ಆಯಾಳ ಮಾತು ಅರ್ಥವಾಗದು, ಇವರ ಮಾತು ಅವಳಿಗೂ ಅರ್ಥವಾಗದು. ನೋವು, ಹೆದರಿಕೆ, ಬೇಡ, ಅಮ್ಮನಿಗೆ ಫೋನ್ ಮಾಡಿ ಎಂಬ ನಾಲ್ಕು ಚಿತ್ರಗಳಾದರೂ ಹಾಸಿಗೆಯ ಬಳಿ ಇರಲಿ. ಇಂಥ ಹಲಗೆ ಮಾಡಿಕೊಡಲು, ಕಲಿಸಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹಾಗಾದರೆ ಯಾರಿಗೆ ಯಾವುದು

ನಿಮ್ಮವರು ಮಾತನಾಡಬಲ್ಲವರಾದರೆ, ಫೋನ್ ಹಿಡಿಯಬಲ್ಲವರಾದರೆ, ಕೋಣೆಗೆ ಕ್ಯಾಮೆರಾ ಬೇಡ. ಅವರದೇ ಒಂದು ಫೋನ್, ಕಾರಿಡಾರ್ ಸಿಸಿಟಿವಿ, ನಿಮ್ಮ ಅನಿರೀಕ್ಷಿತ ಭೇಟಿ ಸಾಕು. ಮಾತಿಲ್ಲದ, ಏಳಲಾಗದವರಿಗೆ ಇದರ ಮೇಲೆ ಮನೆಯವರ ಕ್ಯಾಮೆರಾ, ಮುಚ್ಚಳದ ನಿಯಮದೊಂದಿಗೆ. ಕ್ಯಾಮೆರಾ ಕಂಡರೆ ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಭಯಪಡುವ ಮಾನಸಿಕ ಕಾಯಿಲೆ ಇರುವವರ ಕೋಣೆಯಲ್ಲಿ ಡಾಕ್ಟರ ಮಾತಿಲ್ಲದೆ ಇಡಲೇಬೇಡಿ. ಎರಡರಲ್ಲಿ ಒಂದಕ್ಕಷ್ಟೇ ದುಡ್ಡಿರುವ ಸಣ್ಣ ಕೇಂದ್ರ “ಇನ್ನೂ ಎಂಟು ಕ್ಯಾಮೆರಾ ಹಾಕಲೋ, ರಾತ್ರಿಗೆ ಇನ್ನೊಬ್ಬ ಆಯಾ ಇಡಲೋ” ಎಂದು ಕೇಳಿದರೆ ನಾನು ಆಯಾ ಎನ್ನುತ್ತೇನೆ. ಒಬ್ಬಳೇ ರಾತ್ರಿಯಿಡೀ ಇಷ್ಟೂ ಮಂದಿಯನ್ನು ಎತ್ತಿ ಇಳಿಸಿ ಸೋತ ಹೊತ್ತಿನಲ್ಲೇ ಕೈ ಮೇಲೇಳುವುದು. ಯಾವ ಕೇಂದ್ರವಾದರೂ 2016ರ ಕಾಯ್ದೆಯಡಿ ನೋಂದಣಿ ಪತ್ರ ತೋರಿಸಲೇಬೇಕು. ಅದಿಲ್ಲದ ಕಡೆ ಕ್ಯಾಮೆರಾ ಎಷ್ಟಿದ್ದರೂ ಮುಂದಕ್ಕೆ ಮಾತು ಬೇಡ.

ಅನುಮಾನ ಬಂದ ದಿನ

ಮೊದಲು ಸರ್ಕಾರಿ ಆಸ್ಪತ್ರೆ, ಗಾಯ ಡಾಕ್ಟರ ಕೈಯಲ್ಲಿ ದಾಖಲಾಗಲಿ. ತುರ್ತಿಗೆ 112, ಮಕ್ಕಳಾದರೆ 1098. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ತಿಳಿಸುವುದು ಎಲ್ಲರಿಗೂ ಕಡ್ಡಾಯ. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಪೊಲೀಸರ ಜೊತೆಗೆ ತಹಸೀಲ್ದಾರರಿಗೂ ಅರ್ಜಿ ಕೊಡಿ. ಅವರು ತಾಲ್ಲೂಕು ದಂಡಾಧಿಕಾರಿಗಳೂ ಹೌದು. 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ದಂಡಾಧಿಕಾರಿಗೆ ತಿಳಿಸಬಹುದು. ಅವರು ತಡೆಯಲು, ಬೇಕಾದರೆ ಅಲ್ಲಿಂದ ಬಿಡಿಸಲು ಕೂಡಲೇ ಕ್ರಮ ಕೈಗೊಳ್ಳಬೇಕು. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಒಂದು ಪ್ರತಿ ಹೋಗಲಿ.

ದೃಶ್ಯದ ವಿಷಯದಲ್ಲಿ ತಡ ಮಾಡುವಂತಿಲ್ಲ, ಡಿಸ್ಕ್ ಅಳಿಯುತ್ತಲೇ ಇರುತ್ತದೆ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಬರೆದು, ಅದನ್ನು ಅಳಿಸದೆ ಉಳಿಸಬೇಕೆಂದು ಕೇಂದ್ರಕ್ಕೆ ಅಂದೇ ಪತ್ರ ಕೊಡಿ. ಗಡಿಯಾರ ತಪ್ಪಿದ್ದರೆ ಡಿವಿಆರ್ ತೋರಿಸುವ ಹೊತ್ತನ್ನೂ ನಿಜವಾದ ಹೊತ್ತನ್ನೂ ಎರಡನ್ನೂ ಬರೆಯಿರಿ. ನಿಮ್ಮದೇ ಮೆಮೊರಿ ಕಾರ್ಡ್ ಆದರೆ ಕ್ಯಾಮೆರಾದಿಂದ ತೆಗೆದು, ಕವರಿನಲ್ಲಿ ಮುಚ್ಚಿ, ಮೇಲೆ ದಿನಾಂಕ ಬರೆದು ಇಡಿ. ಕತ್ತರಿಸಿ ಜೋಡಿಸಲು ಹೋಗಬೇಡಿ. ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಡಿಜಿಟಲ್ ಸಾಕ್ಷ್ಯಕ್ಕೆ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನು ವಕೀಲರು ಇಲ್ಲವೇ ತನಿಖಾಧಿಕಾರಿ ಮಾಡಿಸುತ್ತಾರೆ. ಕೇಂದ್ರಕ್ಕೆ ಕೊಟ್ಟ ಪತ್ರದ ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಂಡೇ ಹೊರಡಿ. ಹಾಕುವುದಿಲ್ಲ ಎಂದರೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ದೂರಿನ ಜೊತೆ ಲಗತ್ತಿಸಿ.